ಬಿಸಿಲಿಗೆ ಅಂಜಿದವರು

ನಾಚಿಕೆಗೂ ಕತ್ತಲೆಗೂ ನಮ್ಮ ನುಡಿಯಲ್ಲಿ ಹಳೆಯ ನಂಟು. ಮಾನಗೆಟ್ಟವನ ಮುಖಕ್ಕೆ ಮಸಿ ಬಳಿಯುತ್ತೇವೆ. ಅಪಮಾನಿತನ ಮೋರೆ ಕಪ್ಪಿಡುತ್ತದೆ. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿ ಮಾವಟಿಗನನ್ನು ಅರಸಿ ಹೋಗುವುದೂ ಇರುಳಿನಲ್ಲಿಯೇ. ಪಾಪಕ್ಕೆ ರಾತ್ರಿ, ಪುಣ್ಯಕ್ಕೆ ಹಗಲು ಎಂಬ ಈ ಸುಲಭ ಸಮೀಕರಣವನ್ನು ತರಗತಿಯಲ್ಲಿ ನಾನೇ ಎಷ್ಟೋ ಸಲ ಒಪ್ಪಿಸಿದ್ದೇನೆ.

ಅದು ಅರ್ಧ ಸತ್ಯವೆಂದು ತೋರಿಸಿಕೊಟ್ಟದ್ದು ಅಮೆರಿಕೆಯ ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿ. ಕಥೆ ಹದಿನೇಳನೆಯ ಶತಮಾನದ ಬಾಸ್ಟನ್ನಿನದು. ಪತಿ ದೂರವಿದ್ದಾಗ ತಾಯಿಯಾದ ಹೆಸ್ಟರ್ ಪ್ರಿನ್, ಎದೆಯ ಮೇಲೆ ಕೆಂಪು ಅಕ್ಷರವೊಂದನ್ನು ಧರಿಸಿ, ಹಸುಗೂಸನ್ನೆತ್ತಿಕೊಂಡು, ಬೇಸಗೆಯ ಹಗಲಿನಲ್ಲಿ ಊರ ನಡುವಣ ಶಿಕ್ಷೆಯ ಕಟ್ಟೆಯನ್ನೇರಿ ನಿಲ್ಲಬೇಕಾಗುತ್ತದೆ. ಸೆರೆಮನೆಯ ಮಬ್ಬನ್ನಷ್ಟೇ ಕಂಡಿದ್ದ ಕೂಸು ಬೆಳಕಿಗೆ ಕಣ್ಣು ಪಿಳುಕಿಸಿ ಮುಖ ತಿರುಗಿಸುತ್ತದೆ. ಇಲ್ಲಿ ಅವಮಾನವೆಂದರೆ ಕತ್ತಲೆಯಲ್ಲ, ಕಣ್ಣು ಕುಕ್ಕುವ ಬಿಸಿಲು. ಆ ಕೂಸಿನ ತಂದೆಯಾದ ಪಾದ್ರಿ ಡಿಮ್ಸ್‌ಡೇಲನಾದರೋ ಮೇಲಿನ ಮೊಗಸಾಲೆಯಲ್ಲಿ ಗಣ್ಯರೊಡನೆ ನಿಂತು, ಪಾಲುಗಾರನ ಹೆಸರು ಹೇಳೆಂದು ಆಕೆಗೇ ಬೋಧಿಸುತ್ತಾನೆ!

ಏಳು ವರ್ಷಗಳ ಬಳಿಕ ಅವನೂ ಅದೇ ಕಟ್ಟೆಯನ್ನೇರುತ್ತಾನೆ, ಆದರೆ ನಡುರಾತ್ರಿಯಲ್ಲಿ, ಊರೆಲ್ಲ ಮಲಗಿರುವಾಗ. ದಾರಿಯಲ್ಲಿ ಬಂದ ಹೆಸ್ಟರಳೂ ಮಗಳು ಪರ್ಲಳೂ ಅವನ ಕೈಹಿಡಿದು ನಿಲ್ಲುತ್ತಾರೆ. ನಾಳೆ ನಡುಹಗಲಿನಲ್ಲಿಯೂ ನಮ್ಮೊಡನೆ ಹೀಗೆ ನಿಲ್ಲುವೆಯಾ ಎಂದು ಮಗು ಕೇಳುತ್ತದೆ. ಆತ ಒಪ್ಪುವುದಿಲ್ಲ, ಅಂತಿಮ ತೀರ್ಪಿನ ದಿನದ ಮಾತೆತ್ತಿ ಜಾರಿಕೊಳ್ಳುತ್ತಾನೆ. ಆ ಹೊತ್ತಿಗೆ ಸರಿಯಾಗಿ ಉಲ್ಕೆಯೊಂದು ಬೀದಿಯನ್ನೆಲ್ಲ ಹಗಲಿನಂತೆ ಬೆಳಗಿಬಿಡುತ್ತದೆ. ಕಾದಂಬರಿಕಾರನು ಇಲ್ಲಿ ಆಕಾಶವನ್ನು ತುಸು ಹೆಚ್ಚಾಗಿಯೇ ದುಡಿಸಿಕೊಂಡನೆಂದು ನನಗನ್ನಿಸುವುದುಂಟು. ಆದರೆ ಮಗುವಿನ ಪ್ರಶ್ನೆಗೆ ಯಾವ ಉಲ್ಕೆಯ ನೆರವೂ ಬೇಡ.

ಬಿಸಿಲಿಗೊಡ್ಡಿದ ಹೆಸ್ಟರಳ ಕಳಂಕ ವರ್ಷಗಳುರುಳಿದಂತೆ ಸವೆಯುತ್ತದೆ. ಆಕೆಯ ಸೇವೆಯನ್ನು ಕಂಡ ಜನ ಅದೇ ಅಕ್ಷರಕ್ಕೆ ಬೇರೆ ಅರ್ಥ ಕಟ್ಟುತ್ತಾರೆ. ಕತ್ತಲೆಯಲ್ಲಿ ಬಚ್ಚಿಟ್ಟ ಪಾದ್ರಿಯದು ಮಾತ್ರ ಹಸಿಯಾಗಿಯೇ ಉಳಿದು ಅವನನ್ನು ತಿನ್ನುತ್ತದೆ. ಕಡೆಗೊಂದು ಮಧ್ಯಾಹ್ನ ಜನಸ್ತೋಮದೆದುರು ಅವನು ಕಟ್ಟೆಯನ್ನೇರಿ ಎಲ್ಲವನ್ನೂ ಒಪ್ಪಿಕೊಂಡು ಅಲ್ಲಿಯೇ ಪ್ರಾಣ ಬಿಡುತ್ತಾನೆ.

ಪರ್ಲಳ ಪ್ರಶ್ನೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದೆ.

ಆಗ ನನಗೆ ಹನ್ನೆರಡು ವರ್ಷ. ಶಾಲೆಯ ಭೂಗೋಲವನ್ನು ಕೆಡವಿ ಒಡೆದವನು ನಾನು. ಸಿಕ್ಕಿಬಿದ್ದವನು ಚೂರುಗಳನ್ನು ಆಯುತ್ತಿದ್ದ ನನ್ನ ಗೆಳೆಯ. ಮೇಷ್ಟ್ರು ಅವನನ್ನು ಧ್ವಜಸ್ತಂಭದ ಬಳಿ ಬಿಸಿಲಿನಲ್ಲಿ ನಿಲ್ಲಿಸಿದರು. ಮೊದಲ ಬೆಂಚಿನ ನೆರಳಿನಲ್ಲಿ ಕುಳಿತ ನಾನು ಎರಡು ತಾಸು ಅವನ ನೆರಳು ಕುಗ್ಗುವುದನ್ನು ನೋಡಿದೆ. ಅಂದು ರಾತ್ರಿ ಊರಿನಲ್ಲಿ ವಿದ್ಯುತ್ತು ಇರಲಿಲ್ಲ. ಆ ಧೈರ್ಯದಿಂದಲೇ ಅವನ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ತಪ್ಪಾಯಿತು ಎಂದೆ. ಅವನು ಸಿಟ್ಟಾಗಲಿಲ್ಲ. “ನಾಳೆ ಮೇಷ್ಟ್ರಿಗೆ ಹೇಳ್ತೀಯೇನೋ?” ಎಂದಷ್ಟೇ ಕೇಳಿದ. ಹೂಂ ಎಂದೆ. ಹೇಳಲಿಲ್ಲ.

ಕಳೆದ ವರ್ಷ ಸಂಬಂಧಿಕರ ಮದುವೆಯೊಂದರಲ್ಲಿ ಅವನೇ ನನ್ನನ್ನು ಗುರುತು ಹಿಡಿದ. ಮಂಟಪದ ತುಂಬ ದೀಪಗಳು ಝಗಝಗಿಸುತ್ತಿದ್ದವು. ಮಗನನ್ನು ಹತ್ತಿರಕ್ಕೆ ಕರೆದು, “ಇವರು ನಮ್ಮ ತರಗತಿಯಲ್ಲೇ ಜಾಣರು ಕಣೋ, ಒಂದು ದಿನವೂ ಮೇಷ್ಟ್ರಿಂದ ಶಿಕ್ಷೆ ತಿಂದವರಲ್ಲ” ಎಂದು ಪರಿಚಯಿಸಿದ. ಅವನ ಮುಖದಲ್ಲಿ ವ್ಯಂಗ್ಯದ ಸುಳಿವಿದೆಯೇ ಎಂದು ಹುಡುಕಿದೆ, ಕಾಣಲಿಲ್ಲ. ಹುಡುಗ ಬಾಗಿ ನನ್ನ ಕಾಲು ಮುಟ್ಟಿದ. ಆಗಲೂ ನಾನು ಏನೂ ಹೇಳಲಿಲ್ಲ. ಊಟಕ್ಕೆ ಎಲೆ ಹಾಕಿದ್ದಾರೆಂದು ಯಾರೋ ಕರೆದರು, ಎದ್ದು ಹೋದೆ.