ಅಂಗಳದ ಹೂವೂ ಓಣಿಯ ನಾಯಿಯೂ

ಊಟಕ್ಕೆ ಕುಳ್ಳಿರುವ ಮುನ್ನ ನಾಯಿಗೂ ಕಾಗೆಗೂ ಒಂದು ತುತ್ತನ್ನು ಹೊರಗಿಡಬೇಕೆಂಬುದು ಗೃಹಸ್ಥನಿಗೆ ಹೇಳಿದ ವಿಧಿ. ಬಹುಕಾಲ ಮಕ್ಕಳಿಗೆ ಸಂಸ್ಕೃತವನ್ನು ಪಾಠಹೇಳಿದ ನಾವು ಅದನ್ನು ತಪ್ಪದೆ ನಡೆಸುತ್ತಿದ್ದೆವು. ಸುರಪುರದ ನಮ್ಮ ಓಣಿಯ ಕೆಂಪಿ ಎಂಬ ಹೆಣ್ಣುನಾಯಿಯು ಆ ತುತ್ತಿಗೆ ಹಕ್ಕುದಾರನಂತೆ ದಿನವೂ ಹೊಸ್ತಿಲ ಬಳಿ ಬಂದು ಕೂರುತ್ತಿದ್ದಿತು.

ಕಳೆದ ಬೇಸಿಗೆಯಲ್ಲಿ ಕೆಂಪಿಯು ಕುಳಿತೆದ್ದ ಸ್ಥಳದಲ್ಲೆಲ್ಲ ರಕ್ತದ ಹನಿಗಳು ಕಾಣತೊಡಗಿದುವು. ಗುಹ್ಯಸ್ಥಾನದಲ್ಲಿ ಹೂಕೋಸಿನಂತಹ ಕೆಂಪು ಗಡ್ಡೆಯೊಂದು ಬೆಳೆದಿದ್ದಿತು. ಓಣಿಯವರು ಕಲ್ಲೆಸೆದರು. ನಾವು ಕಲ್ಲೆಸೆಯಲಿಲ್ಲ, ಬಾಗಿಲನ್ನು ಮುಚ್ಚಿದೆವು. ಮನೆಯಲ್ಲಿ ಮಕ್ಕಳಿರುವರಷ್ಟೆ ಎಂದು ನಮಗೆ ನಾವೇ ಕಾರಣವನ್ನೂ ಹೇಳಿಕೊಂಡೆವು. ನಾಲ್ಕನೆಯ ದಿನ ಮೊಮ್ಮಗಳು, “ಅಜ್ಜಾ, ಕೆಂಪಿಗೆ ತುತ್ತು ಯಾಕ ಇಡವಲ್ಲಿ?” ಎಂದು ಕೇಳಿದಳು. ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗವನ್ನೂ ಒಲ್ಲೆನೆಂದ ಕಥೆಯನ್ನು ಹಿಂದಿನ ವಾರವಷ್ಟೇ ಅವಳಿಗೆ ಹೇಳಿದ್ದೆವು. ಉತ್ತರವು ಬಾಯಿಂದ ಹೊರಡಲಿಲ್ಲ.

ಮರುದಿನ ಆಟೋರಿಕ್ಷಾದಲ್ಲಿ ಗೋಣಿಚೀಲವನ್ನು ಹಾಸಿ, ಕೆಂಪಿಯನ್ನು ಮಲಗಿಸಿಕೊಂಡು ಶಹಾಪುರದ ಪರಿಚಿತ ಪಶುವೈದ್ಯರಲ್ಲಿಗೆ ಹೋದೆವು. ಆ ಊರಿನ ಬೆಟ್ಟವು ಮಲಗಿದ ಬುದ್ಧನಂತೆ ತೋರುವುದನ್ನು ನಮ್ಮ ಸೀಮೆಯ ವಾಚಕರು ಬಲ್ಲರು. ಅಂದು ಅತ್ತ ನೋಡಲು ನಮಗೆ ಸಂಕೋಚವಾಯಿತು.

ವೈದ್ಯರು ಗಡ್ಡೆಗೆ ಗಾಜಿನ ಪಟ್ಟಿಯನ್ನೊತ್ತಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದು ನಾಯಿಗಳಲ್ಲಿ ಹರಡುವ ಅರ್ಬುದವೆಂದರು. ಸಾಮಾನ್ಯವಾಗಿ ಅರ್ಬುದವು ಅಂಟುಜಾಡ್ಯವಲ್ಲ. ಇದಾದರೋ ಸಂಗಮದಿಂದಲೂ, ನೆಕ್ಕುವುದು ಮೂಸುವುದರಿಂದಲೂ ಒಂದು ನಾಯಿಯಿಂದ ಮತ್ತೊಂದಕ್ಕೆ ದಾಟುತ್ತದೆ; ದಾಟುವುದು ಕ್ರಿಮಿಯಲ್ಲ, ಜೀವಂತವಾದ ಅರ್ಬುದಕಣವೇ. 1876ರಲ್ಲಿ ರಷ್ಯಾ ದೇಶದ ನೊವಿನ್‌ಸ್ಕಿ ಎಂಬ ಪಶುವೈದ್ಯನು ಒಂದು ನಾಯಿಯ ಗಡ್ಡೆಯ ತುಣುಕನ್ನು ಇನ್ನೊಂದರಲ್ಲಿ ನೆಟ್ಟು ಬೆಳೆಯಿಸಿ ತೋರಿಸಿದನು. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದೇ ನಾಯಿಯಲ್ಲಿ ಹುಟ್ಟಿದ ಕಣಗಳ ಸಂತತಿಯೇ ಇಂದಿಗೂ ದೇಶದೇಶಗಳ ನಾಯಿಗಳಲ್ಲಿ ಬದುಕಿರುವುದೆಂದು ಈಚಿನ ವಿದ್ವಾಂಸರು ಕಂಡುಕೊಂಡಿರುವರು. ಪರಕಾಯಪ್ರವೇಶವನ್ನು ನಾವು ಕಥೆಗಳಲ್ಲಿ ಮಾತ್ರ ಓದಿದ್ದೆವು!

“ಮಕ್ಕಳಿಗೆ ಅಂಟುವುದೇ?” ಎಂದು ಕೇಳಿದೆವು.

“ಇಲ್ಲ ಮಾಸ್ತರರೇ, ಮನುಷ್ಯರಿಗೆ ಬರುವುದಲ್ಲ” ಎಂದರು. ನಾವು ಬಾಗಿಲು ಮುಚ್ಚಿದ್ದ ಕಾರಣವು ಅಲ್ಲಿಗೆ ಬಿದ್ದುಹೋಯಿತು.

ಔಷಧದ ಹೆಸರು ವಿನ್‌ಕ್ರಿಸ್ಟಿನ್. ಎಳೆಯ ಮಕ್ಕಳ ರಕ್ತದ ಅರ್ಬುದಕ್ಕೂ ಕೊಡುವ ಮದ್ದೇ. ಯಾದಗಿರಿಯಿಂದ ಅದನ್ನು ತರಿಸಿದೆವು. ತೂಕದ ಕಿಲೋಗ್ರಾಮಿಗೆ 0.025 ಮಿಲಿಗ್ರಾಮಿನ ಲೆಕ್ಕದಂತೆ, 16 ಕಿಲೋಗ್ರಾಮಿನ ಕೆಂಪಿಗೆ 0.4 ಮಿಲಿಗ್ರಾಮು, ವಾರಕ್ಕೊಮ್ಮೆ, ರಕ್ತನಾಳದೊಳಕ್ಕೇ. ನಾಳದಿಂದ ಹೊರಗೆ ಸೋರಿದರೆ ಸುತ್ತಣ ಮಾಂಸವು ಕೊಳೆಯುವುದಂತೆ. ಆದುದರಿಂದ ವೈದ್ಯರು ಕೈಗವಸು ತೊಟ್ಟು ಸೂಜಿಯನ್ನು ಹಾಕುವಾಗ ಕೆಂಪಿಯ ತಲೆಯನ್ನು ಅಲುಗದಂತೆ ಹಿಡಿಯುವ ಕೆಲಸವು ನಮ್ಮ ಪಾಲಿಗೆ ಬಂದಿತು. ಅದು ಒಮ್ಮೆಯೂ ಹಲ್ಲು ತೋರಲಿಲ್ಲ.

ಎರಡನೆಯ ಸೂಜಿಯ ತರುವಾಯ ಕೆಂಪಿಯು ವಾಂತಿಮಾಡಿತು; ಎರಡು ದಿನ ಅನ್ನವನ್ನು ಮುಟ್ಟಲಿಲ್ಲ. ಉಪಕಾರವೆಂದು ವಿಷವನ್ನೇ ಉಣಿಸಿದೆವೋ ಎಂದು ನಮಗೆ ನಿದ್ರೆ ಬಾರದಾಯಿತು. ಮುಂದಿನ ವಾರ ರಕ್ತದ ಬಿಳಿಯ ಕಣಗಳು ತಗ್ಗಿದ್ದುದರಿಂದ ವೈದ್ಯರು ಮದ್ದನ್ನು ತಡೆದರು. ಆಮೇಲೆ ಗಡ್ಡೆಯು ಕುಗ್ಗುತ್ತ ಬಂದು, ಐದನೆಯ ಸೂಜಿಯ ವೇಳೆಗೆ ಅದರ ಗುರುತೂ ಉಳಿಯಲಿಲ್ಲ.

ಈ ಮದ್ದು ಯಾವುದರಿಂದ ಆಗುವುದೆಂದು ಕೇಳಿದಾಗ ವೈದ್ಯರು ನಕ್ಕು, “ನಿಮ್ಮ ಅಂಗಳದಲ್ಲಿಯೇ ಇರಬಹುದು” ಎಂದರು. ನಮ್ಮ ಗೃಹಿಣಿಯು ಪೂಜೆಗೆ ಬಿಡಿಸುವ ಸದಾಪುಷ್ಪ! ಕಾಶಿಕಣಗಿಲೆಯೆಂದೂ ಕರೆಯುವ ಈ ಗಿಡದ ಮೂಲವು ಮಡಗಾಸ್ಕರ್ ದ್ವೀಪ. ಆದರೆ ವಾಚಕರು ಎಲೆಯ ಕಷಾಯವನ್ನು ಯಾರಿಗೂ ಕುಡಿಸದಿರಲಿ, ಗಿಡವು ವಿಷಮಯವಾದುದು. ರಾಶಿರಾಶಿ ಎಲೆಯಿಂದ ಅಣುಮಾತ್ರವನ್ನು ಶೋಧಿಸಿ, ಅಳೆದು ಕೊಟ್ಟರೆ ಮಾತ್ರ ಅದು ಔಷಧ.

ಮುಂದೆ ಕೆಂಪಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಬೀದಿನಾಯಿಗಳಲ್ಲಿ ಈ ಜಾಡ್ಯವು ಹಬ್ಬದಂತೆ ತಡೆಯಲು ಅದೇ ಒಳ್ಳೆಯ ದಾರಿ. ರಕ್ತದ ಹನಿ ಕಂಡ ನಾಯಿಯನ್ನು ಕಲ್ಲೆಸೆದು ಅಟ್ಟಿದರೆ ಜಾಡ್ಯವು ಪಕ್ಕದ ಓಣಿಗೆ ಹೋಗುವುದೇ ಹೊರತು ಊರನ್ನು ಬಿಡುವುದಿಲ್ಲ.

ಈಗಲೂ ಕೆಂಪಿಯು ಹೊತ್ತಿಗೆ ಸರಿಯಾಗಿ ತುತ್ತಿಗೆ ಬರುವುದು. ಆದರೆ ಮೊದಲಿನಂತೆ ಹೊಸ್ತಿಲ ಬಳಿಗೆ ಬಾರದೆ ಮೆಟ್ಟಿಲ ಕೆಳಗೇ ನಿಂತು, ಬಾಗಿಲು ಪೂರ್ಣವಾಗಿ ತೆರೆಯುವವರೆಗೆ ಕಾದಿರುತ್ತದೆ. ನಾವೇ ಇಳಿದು ಹೋಗಿ ಇಡುತ್ತೇವೆ.