ಒಂದು ಡಾಲರ್‌ಗೆ ಎಷ್ಟು ಗೂಡು?

ಅಮೆರಿಕದ ಯೂನಿವರ್ಸಿಟಿ ಅಂದ ತಕ್ಷಣ ನಮ್ಮ ಆಫೀಸಿನವರ ಕಣ್ಣಮುಂದೆ ಬರೋದು ಹಸಿರು ಹುಲ್ಲುಹಾಸು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕಾಫಿ ಕುಡಿಯೋ ಹುಡುಗರು. ನನ್ನ ಚಿಕ್ಕಪ್ಪನ ಮಗ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ, ಯುಟಿ ಡಲ್ಲಾಸ್‌ನಲ್ಲಿ ಎಂಎಸ್ ಓದ್ತಿದ್ದಾನೆ. ಹುಲ್ಲುಹಾಸು ಇದೆಯಂತೆ. ಅದರ ಮೇಲೆ ಕೂರೋಕೆ ಅವನಿಗಿನ್ನೂ ಪುರುಸೊತ್ತು ಸಿಕ್ಕಿಲ್ಲ.

ಅವನು ಹೋಗಿದ್ದು 2024ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಚೀನಾವನ್ನೂ ಹಿಂದೆ ಹಾಕಿದ ಲೆಕ್ಕ ಅದು. ಈ ಮೂರು ಲಕ್ಷದಲ್ಲಿ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯಿಂದ ಹೋದವರು ಎಷ್ಟು ಜನವೋ! ಇವನ ರೂಮಿನಲ್ಲಿರೋದು ನಾಲ್ಕು ಹುಡುಗರು, ಇವನನ್ನು ಬಿಟ್ಟು ಮೂವರೂ ತೆಲುಗಿನವರು. ಊರು ಯಾವುದು ಅಂತ ಕೇಳಿದರೆ ಮೊದಮೊದಲು ‘ಶೋಲೆ ಬೆಟ್ಟದ ಹತ್ರ’ ಅಂತಿದ್ದನಂತೆ. ಈಗ ತೆಲುಗಿನಲ್ಲೇ ಜಗಳ ಆಡೋ ಮಟ್ಟಕ್ಕೆ ಬಂದಿದ್ದಾನೆ. ಇಂಗ್ಲಿಷ್ ಸುಧಾರಿಸುತ್ತೆ ಅಂತ ಕಳಿಸಿದ್ದೆವು, ಸುಧಾರಿಸಿದ್ದು ತೆಲುಗು. ಇನ್ನೊಂದು ತಮಾಷೆ ಅಂದ್ರೆ, ಅವನು ಹೊರಟಾಗ ಫಾರಂಗಳಲ್ಲೆಲ್ಲ ರಾಮನಗರ ಜಿಲ್ಲೆ ಅಂತ ಬರೆದಿದ್ದ. ಎರಡನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಗಿತ್ತು.

ಸೀಟು ಸಿಕ್ಕಿದ್ದು ದೊಡ್ಡ ವಿಷಯವೇ ಆಗಿರಲಿಲ್ಲ. ದೊಡ್ಡದಾಗಿದ್ದು ಸಾಲ. ಚಿಕ್ಕಪ್ಪನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಆ ಜಮೀನಿನ ರೇಟು ಕೇಳಿದರೆ ನನ್ನ ಸ್ಯಾಲರಿ ಸ್ಲಿಪ್ ನಾಚಿಕೊಳ್ಳಬೇಕು. ಆ ಧೈರ್ಯದಲ್ಲೇ ಚಿಕ್ಕಪ್ಪ ಪಹಣಿ, ಮ್ಯುಟೇಷನ್ ಎಲ್ಲಾ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ನನ್ನ ಜೊತೆ ಬ್ಯಾಂಕಿಗೆ ಬಂದ್ರು. ಮ್ಯಾನೇಜರ್ ಕವರ್ ಬಿಚ್ಚಿಯೂ ನೋಡಲಿಲ್ಲ. ಕೃಷಿ ಜಮೀನು ನಡೆಯಲ್ಲ ಸಾರ್, ಅಂದರು.

ಅದಕ್ಕೆ ಕಾರಣ ಇದೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೇ ಆಸ್ತಿ ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕಿಗೆ ಕೊಟ್ಟಿದ್ದು 2002ರ ಸರ್ಫೇಸಿ ಕಾಯ್ದೆ. ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ರೈತನ ಜಮೀನು ಉಳಿಯಲಿ ಅಂತ ಮಾಡಿದ ನಿಯಮ. ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ಮಗನ ಓದಿಗೆ ಸಾಲ ಬೇಕಾದಾಗ ಕೋಟಿಯ ಜಮೀನು ಕಾಗದದಲ್ಲಿ ಸೊನ್ನೆ. ಹಾಗಿದ್ರೆ ಮನೆ ಇಡ್ತೀವಿ ಅಂದ್ರೆ, ಗ್ರಾಮಠಾಣದ ಮನೆಗೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಬೇಕು. ಪಂಚಾಯ್ತಿಗೆ ಅಲೆದು ಅದು ಕೈಗೆ ಬರೋ ಹೊತ್ತಿಗೆ ವೀಸಾ ಇಂಟರ್‌ವ್ಯೂ ಕಳೆದುಹೋಗಿರುತ್ತಿತ್ತು. ಕೊನೆಗೆ ಖಾಸಗಿ ಫೈನಾನ್ಸ್ ಕಂಪನಿಯೊಂದು ನನ್ನ ಸ್ಯಾಲರಿ ಸ್ಲಿಪ್ ನೋಡಿ ನಲವತ್ತು ಲಕ್ಷ ಕೊಟ್ಟಿತು. ಅರ್ಜಿಯಲ್ಲಿ ಜೊತೆಗಾರ ನಾನು. ಬಡ್ಡಿಯೇ ತಿಂಗಳಿಗೆ ಹತ್ತಿರ ಹತ್ತಿರ ನಲವತ್ತು ಸಾವಿರ. ನನ್ನ ಹೋಮ್ ಲೋನ್ ಪಕ್ಕದಲ್ಲಿ ಅದೂ ಒಂದು ಕೂತಿದೆ.

ಅಲ್ಲಿ ಎಲ್ಲರೂ ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಬೆಚ್ಚಿಬೀಳ್ತಾರಂತೆ. ಇವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ರೂಪಾಯಿಯನ್ನು ರೇಷ್ಮೆಗೂಡಿಗೆ ಪರಿವರ್ತಿಸ್ತಾನೆ. ರಾಮನಗರದ ಮಾರ್ಕೆಟ್‌ನಲ್ಲಿ ಕೆಜಿ ಗೂಡಿಗೆ ಐನೂರು ಅಂತ ಹಿಡಿದರೆ, ನಲವತ್ತು ಲಕ್ಷ ಅಂದ್ರೆ ಎಂಟು ಟನ್ ಗೂಡು. ಚಿಕ್ಕಪ್ಪ ಇನ್ನೂರು ಮೊಟ್ಟೆ ಸಾಕಿ, ಬೆಳೆಗೆ ನೂರ ಮೂವತ್ತು ಕೆಜಿಯಂತೆ ವರ್ಷಕ್ಕೆ ಆರು ಬೆಳೆ ತೆಗೆದರೂ ಹತ್ತು ವರ್ಷ ಹಿಡಿಯುತ್ತೆ. ಅದೂ ಒಂದು ಬೆಳೆಯೂ ರೋಗಕ್ಕೆ ಹೋಗದೇ ಇದ್ದರೆ. ಟೆಕ್ಸ್ಟ್‌ಬುಕ್ ಒಂದರ ಬೆಲೆ ನೋಡಿ ‘ಅಣ್ಣ, ಇದು ಇಪ್ಪತ್ತು ಕೆಜಿ ಗೂಡು’ ಅಂತ ಮೆಸೇಜ್ ಹಾಕಿದ್ದ. ಪುಸ್ತಕ ತಗೊಳ್ಳಲಿಲ್ಲ. ಲೈಬ್ರರಿಯಲ್ಲಿ ಕೂತು ಓದಿ ಪರೀಕ್ಷೆ ಬರೆದ.

ಎಫ್-1 ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ಕೆಲಸ ಮಾಡಬಹುದು, ಅದೂ ಕ್ಯಾಂಪಸ್ ಒಳಗೆ. ಹಾಗಾಗಿ ಆ ಕೆಲಸಗಳಿಗೆ ನಮ್ಮ ಕಡೆ ಪಿಡಿಒ ಪೋಸ್ಟಿಗೆ ಇರುವಷ್ಟೇ ಪೈಪೋಟಿ. ಲೈಬ್ರರಿ, ಲ್ಯಾಬ್, ಆಫೀಸು ಅಂತ ನಲವತ್ತೋ ಐವತ್ತೋ ಅರ್ಜಿ ಹಾಕಿದ ಮೇಲೆ ಇವನಿಗೆ ಸಿಕ್ಕಿದ್ದು ಊಟದ ಹಾಲ್‌ನಲ್ಲಿ ಪಾತ್ರೆ ವಿಭಾಗ. ಎಂಜಲು ತಟ್ಟೆಗಳು ಬೆಲ್ಟ್ ಮೇಲೆ ಬರ್ತಾವೆ. ಉಳಿದಿದ್ದನ್ನು ಕೆರೆದು ಬುಟ್ಟಿಗೆ ಹಾಕಿ, ತಟ್ಟೆ ಜೋಡಿಸಿ ಮೆಷಿನ್ನಿಗೆ ತಳ್ಳಬೇಕು. ಗಂಟೆಗೆ ಹತ್ತು ಡಾಲರ್. ಒಂದು ತಿಂಗಳು ತಟ್ಟೆ ಕೆರೆದರೆ ಎಂಟುನೂರು ಡಾಲರ್, ಅಂದ್ರೆ ಇನ್ನೂರು ಮೊಟ್ಟೆಯ ಒಂದು ಪೂರ್ತಿ ಬೆಳೆ. ಈ ಲೆಕ್ಕ ಹೇಳುವಾಗ ಅವನ ದನಿಯಲ್ಲಿ ಖುಷಿ ಇತ್ತೋ ಸಂಕಟ ಇತ್ತೋ ನನಗೆ ಗೊತ್ತಾಗಲಿಲ್ಲ. ಬಾಡಿಗೆ, ದಿನಸಿ, ಫೋನು ಅಂತ ಆ ಬೆಳೆಯೂ ಅಲ್ಲೇ ಕರಗುತ್ತೆ ಅನ್ನೋದು ಬೇರೆ ಮಾತು.

ಆ ಯೂನಿವರ್ಸಿಟಿಯ ಕಥೆ ನನಗೆ ಇಷ್ಟ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಟ್ಟಿದವರು ಎಂಜಿನಿಯರ್‌ಗಳು ಸಾಕಾಗ್ತಿಲ್ಲ ಅಂತ 1961ರಲ್ಲಿ ಶುರುಮಾಡಿದ ಸಂಶೋಧನಾ ಕೇಂದ್ರ ಅದು. 1969ರಲ್ಲಿ ಸರ್ಕಾರದ ಯೂನಿವರ್ಸಿಟಿ ಆಯ್ತು. ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು, ಅದರ ಹಿಂದೆ ಉಳಿದವರು ಬಂದರು. ನಾನು ಬಿಇ ಮುಗಿಸಿ ಬಿಡದಿ, ಕೆಂಗೇರಿ ದಾಟಿ ಕೆಲಸಕ್ಕೆ ಹೋಗುವಂತಾಗಿದ್ದೂ ಆ ಸಾಲಿನಲ್ಲೇ. ಅಂದ್ರೆ ಅಣ್ಣನಿಗೆ ಕೆಲಸ, ತಮ್ಮನಿಗೆ ಓದು, ಎರಡರ ಬೇರೂ ಒಂದೇ ಕಡೆ. ಇದನ್ನ ಅವನಿಗೆ ಹೇಳಿದೆ. ‘ಹಂಗಾದ್ರೆ ಫೀಸಲ್ಲಿ ಡಿಸ್ಕೌಂಟ್ ಕೊಡ್ಬೇಕಿತ್ತು ಬಿಡಣ್ಣ’ ಅಂದ.

2025ರ ಏಪ್ರಿಲ್ ನೆನೆಸಿಕೊಂಡರೆ ಈಗಲೂ ಎದೆ ಹೊಡ್ಕೊಳ್ಳುತ್ತೆ. ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸೆವಿಸ್ ಎಂಬ ವ್ಯವಸ್ಥೆಯಲ್ಲಿ ಸಾವಿರಾರು ಜನರ ದಾಖಲೆ ಇದ್ದಕ್ಕಿದ್ದಂತೆ ರದ್ದಾಯ್ತು. ಕೆಲವರದು ಹಳೆಯ ಟ್ರಾಫಿಕ್ ಕೇಸಿಗೆ. ಕೋರ್ಟ್‌ಗಳಿಗೆ ಹೋದ ಮೇಲೆ ತಿಂಗಳ ಕೊನೆಗೆ ವಾಪಸ್ ಚಾಲೂ ಮಾಡಿದರು. ಇವನ ಮೇಲೆ ಯಾವ ಕೇಸೂ ಇರಲಿಲ್ಲ. ಆದರೂ ಆ ಮೂರು ವಾರ ರೂಮು, ಕ್ಲಾಸು, ಪಾತ್ರೆ, ಅಷ್ಟೇ. ಸಿಗ್ನಲ್ ಬೀಳದೆ ರಸ್ತೆ ದಾಟಲಿಲ್ಲವಂತೆ. ಚನ್ನಪಟ್ಟಣ ಬಸ್‌ಸ್ಟ್ಯಾಂಡ್ ಮುಂದೆ ಓಡುವ ಬಸ್ಸಿಗೆ ಅಡ್ಡ ನುಗ್ಗುತ್ತಿದ್ದ ಹುಡುಗ! ಅಲ್ಲಿ ರಾತ್ರಿ ಎರಡು ಗಂಟೆಗೆ, ಅಂದ್ರೆ ನನಗಿಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ, ಸ್ಟೇಟಸ್ ‘ಆಕ್ಟಿವ್’ ಅಂತಲೇ ಇದೆ ಅಂತ ಬರೀ ಸ್ಕ್ರೀನ್‌ಶಾಟ್ ಕಳಿಸ್ತಿದ್ದ. ಮಾತಿಲ್ಲ. ನಾನು ಮೀಟಿಂಗ್‌ನಲ್ಲಿ ಕೂತು ಒಂದು ಥಂಬ್ಸ್ ಅಪ್ ಒತ್ತುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದ ಸಮಯ.

ಮನೆಗೆ ಹೇಳದೆ ಇದ್ದ ಇನ್ನೊಂದು ವಿಷಯ ಆ ಎಂಜಲು ತಟ್ಟೆಯದು. ಹಳ್ಳಿಯಲ್ಲಿ ಬೆಳೆದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಯಾರ ಎಂಜಲನ್ನು ಯಾರು ಎತ್ತಬೇಕು ಅನ್ನೋದು ನಮ್ಮ ಊರುಗಳಲ್ಲಿ ಹುಟ್ಟಿನಲ್ಲೇ ಬರೆದಿಟ್ಟ ಪಟ್ಟಿ. ಆ ಪಟ್ಟಿಯಲ್ಲಿ ನಮ್ಮ ಮನೆಯವರು ಉಂಡು ಏಳುವ ಕಡೆ ಇದ್ದವರು. ಇವನು ಇಲ್ಲಿದ್ದಾಗ ತನ್ನ ತಟ್ಟೆಯನ್ನೂ ಎತ್ತಿದವನಲ್ಲ. ಅವ್ವ ಇದ್ದಾಳಲ್ಲ. ಅಲ್ಲಿ ಇವನ ಪಕ್ಕ ನಿಂತು ತಟ್ಟೆ ಕೆರೆಯುವವಳು ಅದೇ ಊರಿನ ಡಾಕ್ಟರೊಬ್ಬರ ಮಗಳಂತೆ. ಕೆಲಸ ಮುಗಿಸಿ ಅವಳು ಸ್ವಂತ ಕಾರಿನಲ್ಲಿ ಮನೆಗೆ ಹೋಗ್ತಾಳೆ. ‘ಅವಳಿಗೆ ಅದು ಒಂದು ವಿಷಯಾನೇ ಅಲ್ಲ ಕಣಣ್ಣ, ಮೊದಲನೇ ದಿನ ನಂಗೇ ಕೈ ನಡುಗ್ತು’ ಅಂದಿದ್ದ. ಅಮೆರಿಕದಲ್ಲಿ ಅವನು ಓದಿದ್ದರಲ್ಲಿ ಇದಕ್ಕೂ ಮೂರು ಕ್ರೆಡಿಟ್ ಕೊಡಬಹುದು ಅಂತ ನನ್ನ ಅಭಿಪ್ರಾಯ.

ಹೋದ ದೀಪಾವಳಿಗೆ ಊರಲ್ಲಿದ್ದಾಗ ವಿಡಿಯೋ ಕಾಲ್‌ನಲ್ಲಿ ಅವನೇ ಹೇಳಿಬಿಟ್ಟ. ಚಿಕ್ಕವ್ವ ಸೊಪ್ಪು ಹಾಕ್ತಾ ಇದ್ದವರು ಕೈ ನಿಲ್ಲಿಸಿದರು. ನಾನು ಫೋನ್ ಹಿಡ್ಕೊಂಡು ನಿಂತಿದ್ದೆ. ಅಳ್ತಾರೇನೋ ಅಂದ್ಕೊಂಡೆ.

‘ನೀರು ಬಿಸಿ ಬತ್ತದೇನ್ಲಾ ಮಗ?’ ಅಂತ ಕೇಳಿದರು.

‘ಬತ್ತದೆ ಕಣವ್ವ.’

‘ಸರಿ ಬುಡು’ ಅಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಚಿಕ್ಕಪ್ಪ ಮಾತ್ರ ಇವತ್ತಿಗೂ ಆ ವಿಷಯ ಎತ್ತಿಲ್ಲ. ಮೇ ತಿಂಗಳಿಗೆ ಕೋರ್ಸ್ ಮುಗಿಯುತ್ತೆ. ಆಮೇಲೆ ಓಪಿಟಿ ಅಂತ ಹನ್ನೆರಡು ತಿಂಗಳ ಕೆಲಸದ ಪರವಾನಗಿ, ಅದು ಶುರುವಾದ ಮೇಲೆ ಕೆಲಸವಿಲ್ಲದೆ ಒಟ್ಟು 90 ದಿನಕ್ಕಿಂತ ಹೆಚ್ಚು ಕಳೆಯುವ ಹಾಗಿಲ್ಲ ಅಂತ ವಿವರಿಸಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. ‘ಮೂರು ಬೆಳೆ ಟೈಮು’ ಅಂದರು. ಗೂಡು ಮಾರ್ಕೆಟ್‌ನಲ್ಲಿ ಯಾರಾದರೂ ಮಗ ಏನು ಮಾಡ್ತಾವ್ನೆ ಅಂತ ಕೇಳಿದರೆ ‘ಕಂಪ್ಯೂಟ್ರು ಕೆಲ್ಸ’ ಅಂತಾರೆ, ಲಾಟ್ ನಂಬರಿನ ಚೀಟಿ ನೋಡ್ಕೊಂಡು.