ಇಳಕಲ್ಲಿನ ಕೊಂಡಿ, ಅಜ್ಜನ ಜೀಪು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಜೀಪು, ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹಳ್ಳಿಗಳಿಗೂ ಬಂತು. ಮುಂಬೈಯಲ್ಲಿ ಮಹೀಂದ್ರ ಕಂಪನಿಯವರು ಅದನ್ನು ಜೋಡಿಸತೊಡಗಿದರು. ಆ ಜೀಪುಗಳಲ್ಲಿ ಒಂದು ಬಗೆಯದರ ಬಾನೆಟ್ ಮಾತ್ರ ಉಳಿದವಕ್ಕಿಂತ ಎತ್ತರ. ಯಾಕೆ ಗೊತ್ತೇ ಮಕ್ಕಳೇ? 1953ರಲ್ಲಿ ಅಮೆರಿಕದವರು ಅದಕ್ಕೆ ಇಟ್ಟ ಹೊಸ ಎಂಜಿನ್ ಹಳೆಯದಕ್ಕಿಂತ ಎತ್ತರವಿತ್ತು. ಎಂಜಿನ್ ತಗ್ಗಿಸಲಾಗದು, ಬಾನೆಟ್ಟನ್ನೇ ಎತ್ತರಿಸಿದರು!

ಅಂಥದೊಂದು ಎತ್ತರ ಬಾನೆಟ್ಟಿನ ಪೆಟ್ರೋಲ್ ಜೀಪು ಬಾದಾಮಿ ಹತ್ತಿರದ ನಮ್ಮೂರಲ್ಲಿ ಅಜ್ಜನ ಬಳಿ ಇತ್ತು. ಕೆಂಪು ಬಂಡೆಗಳ ದಾರಿಯಲ್ಲಿ ಬಸ್ಸು ಬಾರದ ಕಾಲಕ್ಕೆ ಹೆರಿಗೆಗೆ ಹೋಗುವವರು, ಜೋಳದ ಚೀಲ, ಮದುವೆ ದಿಬ್ಬಣ ಎಲ್ಲಕ್ಕೂ ಅದೇ. 1998ರ ಬೇಸಿಗೆಯಲ್ಲಿ ಅದರ ಎಂಜಿನ್ ಬ್ಲಾಕು ಸೀಳಿತು. ಗುಜರಿಯವನು ತೂಕದ ಲೆಕ್ಕದಲ್ಲಿ ಕೊಳ್ಳಲು ಬಂದ. ಅಜ್ಜ ಕೊಡಲಿಲ್ಲ. ಸೂರ್ಯಕಾಂತಿ ಮಾರಿದ ರೊಕ್ಕದಲ್ಲಿ ಹಳೆಯ ಡೀಸೆಲ್ ಎಂಜಿನ್ ಒಂದನ್ನು ತಂದ. ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ್ದು. ನಾಲ್ಕು ಸಿಲಿಂಡರ್, 2112 ಸಿಸಿ.

"ಮಾಳಿಗಿ ಸೋರಾಕತ್ತೈತಿ, ನೀವು ಜೀಪಿಗೆ ರೊಕ್ಕಾ ಸುರೀತೀರಿ," ಎಂದಳು ಆಯಿ.

"ಮಳಿ ಬರಾಕ ಇನ್ನೂ ಎರಡ ತಿಂಗಳೈತಿ," ಎಂದ ಅಜ್ಜ. ಆಯಿ ಎರಡು ದಿನ ಮಾತಾಡಲಿಲ್ಲ.

ತೊಡಕು ಇದ್ದದ್ದು ಎಂಜಿನ್ ತರುವುದರಲ್ಲಲ್ಲ. ಹೊಸ ಎಂಜಿನ್ನಿನ ಬೋಲ್ಟಿನ ತೂತುಗಳು ಒಂದು ಕಡೆ, ಹಳೆಯ ಗೇರ್‌ಬಾಕ್ಸಿನ ತೂತುಗಳು ಇನ್ನೊಂದು ಕಡೆ. ನಡುವೆ ದಪ್ಪ ಉಕ್ಕಿನ ತಟ್ಟೆಯೊಂದು ಬೇಕು. ಅದರಲ್ಲಿ ಎರಡೂ ಬಗೆಯ ತೂತುಗಳಿರಬೇಕು. ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಮಾಡಿಸಿಯೇ ಆಗಬೇಕು. ಆರ್‌ಟಿಒ ಕಚೇರಿಯ ಒಪ್ಪಿಗೆಯೂ ಮೊದಲೇ ಬೇಕು. ಅಜ್ಜ ಕಾಗದ ಕೈಗೆ ಬರುವವರೆಗೆ ಒಂದು ನಟ್ಟೂ ಬಿಚ್ಚಲಿಲ್ಲ. (ಈಗ ಕಾನೂನು ಇನ್ನೂ ಬಿಗಿ.)

ಅಚ್ಚು ತೆಗೆಯುವ ಕೆಲಸ ನನಗೆ ಸಿಕ್ಕಿತು. ನಾನಾಗ ಏಳನೇ ಇಯತ್ತೆ. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತೀರಲ್ಲ, ಹಾಗೆಯೇ ಎಂಜಿನ್ನಿನ ಹಿಂಬದಿಗೆ ರಟ್ಟು ಒತ್ತಿ, ಗ್ರೀಸ್ ಹತ್ತಿದ ಬೆರಳಿನಿಂದ ಉಜ್ಜಿದೆ. ಒಂದೊಂದೇ ತೂತು ಕರಿ ಉಂಗುರವಾಗಿ ಮೂಡಿತು.

ರಟ್ಟು ಹಿಡಿದು ಬಾಗಲಕೋಟೆಗೆ ಹೋದೆವು. ಆಲಮಟ್ಟಿ ಹಿನ್ನೀರು ಬರುತ್ತದೆಂದು ಹಳೇ ಊರಿನ ತಗ್ಗಿನ ಓಣಿಗಳ ಮಂದಿ ನವನಗರಕ್ಕೆ ಹೋಗುತ್ತಿದ್ದ ಕಾಲ ಅದು. ಗ್ಯಾಸ್ ಕಟಿಂಗ್ ಮಾಡುವವನೂ ಸಾಮಾನು ಕಟ್ಟುತ್ತಿದ್ದ. ಆದರೂ 20 ಮಿಲಿಮೀಟರ್ ದಪ್ಪದ ಹಾಳೆಯಿಂದ ತಟ್ಟೆ ಕೊರೆದುಕೊಟ್ಟ. ಸುಮಾರು 20 ಕಿಲೋ ಭಾರ! ಅದನ್ನೂ, ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚವನ್ನೂ ಗೋಣಿಚೀಲದಲ್ಲಿ ಕಟ್ಟಿ ಇಳಕಲ್ ಬಸ್ಸು ಹತ್ತಿದೆವು. ಅಮೀನಗಡದಲ್ಲಿ ಅಜ್ಜ ಕರದಂಟು ಕೊಡಿಸಿದ. ಹುನಗುಂದದಲ್ಲಿ ಇಳಿದು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರನಿಗೆ ಎಂಜಿನ್ ಕೂರಿಸುವ ಎರಡು ಬ್ರಾಕೆಟ್ ಹೇಳಿ, ಮುಂದಿನ ಬಸ್ಸಿಗೆ ಹೊರಟೆವು.

ಇಳಕಲ್ ಎಂದರೆ ಸೀರೆ, ಕೆಂಪು ಗ್ರಾನೈಟ್. ಕಲ್ಲು ಕೊಯ್ಯುವ ಯಂತ್ರಗಳಿದ್ದಲ್ಲಿ ಅವುಗಳ ರಿಪೇರಿಗೆ ಲೇಥ್ ಇರಲೇಬೇಕು. ಅಂಥ ಒಂದು ಲೇಥ್ ಅಂಗಡಿಯ ಕಾಕಾ ತಟ್ಟೆಯನ್ನು ತಿರುಗಿಸಿ ನೋಡಿ, "ಅಜ್ಜಾರ, ದಂಡಿ ನೋಡಬ್ಯಾಡ್ರಿ, ನಡು ನೋಡ್ರಿ," ಎಂದರು. ಎಂಜಿನ್ನಿನ ತಿರುಗುವ ದಂಡ, ಗೇರ್‌ಬಾಕ್ಸಿನ ದಂಡ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೂದಲೆಳೆ ಎರಡರಷ್ಟು ಸರಿದರೂ ಬೇರಿಂಗ್ ಕಿರುಚುತ್ತದೆ, ಕ್ಲಚ್ ತಟ್ಟೆ ಬಿರಿಯುತ್ತದೆ. ತಟ್ಟೆಯ ದಪ್ಪದಷ್ಟು ಗೇರ್‌ಬಾಕ್ಸು ಹಿಂದೆ ಸರಿಯುವುದರಿಂದ, ಅದರ ದಂಡದ ತುದಿಗೆ ಆಸರೆಯಾಗುವ ಕಂಚಿನ ಬುಶ್ಶನ್ನೂ ಉದ್ದ ಮಾಡಬೇಕಿತ್ತು.

ಲೇಥ್ ತಿರುಗುವಾಗ ಕಾಕಾ ನನ್ನನ್ನು ಹಿಂದಿನ ಮನೆಗೆ ಕರೆದೊಯ್ದರು. ಅವರ ಹೆಂಡತಿ ಕುಣಿಮಗ್ಗದ ಮುಂದೆ ಕೂತಿದ್ದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡೂ ಕೂಡುವಲ್ಲಿ ಒಂದೊಂದೇ ಎಳೆಗೆ ಇನ್ನೊಂದು ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ನೂರಾರು ಕೊಂಡಿ, ಕಣ್ಣು ನೋಯುವ ಕೆಲಸ.

"ನೋಡವ್ವ ತಂಗಿ, ಆಕಿ ಇಲ್ಲಿ ಕೊಂಡಿ ಹಾಕತಾಳ, ನಾ ಅಲ್ಲಿ ಹಾಕತೀನಿ," ಎಂದರು ಕಾಕಾ. ನಾನು ಆವರೆಗೆ ಆಯಿಯ ಸೀರೆಯ ಸೆರಗನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಎಂಟು ದಿನದ ಮೇಲೆ ಕಾಕಾ ತಾವೇ ತಟ್ಟೆ ಹೊತ್ತು ಬಾದಾಮಿಯ ಗ್ಯಾರೇಜಿಗೆ ಬಂದರು. ಜೊತೆಗೆ ಗಡಿಯಾರದಂಥ ಒಂದು ಅಳತೆ ಸಾಧನ, ಡಯಲ್ ಗೇಜ್. ಅದರ ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ತಟ್ಟೆ, ಕವಚ ಕೂರಿಸಿ, ಗೇಜನ್ನು ಎಂಜಿನ್ನಿನ ಫ್ಲೈವ್ಹೀಲಿಗೆ ಕಚ್ಚಿಸಿ, ಅದರ ಮೊನೆಯನ್ನು ಕವಚದ ನಡುವಿನ ತೂತಿನ ಅಂಚಿಗೆ ತಾಗಿಸಿ, ಕೈಯಿಂದ ನಿಧಾನ ತಿರುಗಿಸಿದರು. ನಾನು ಬ್ಯಾಟರಿ ಹಿಡಿದಿದ್ದೆ. ಮುಳ್ಳು 30 ಗೆರೆ ಓಡಿತು. ಅಜ್ಜನ ಮುಖ ಸಣ್ಣಗಾಯಿತು. ಇನ್ನೊಂದು ತಟ್ಟೆಗೆ ರೊಕ್ಕ ಉಳಿದಿರಲಿಲ್ಲ.

ಕಾಕಾ ಏನೂ ಹೇಳಲಿಲ್ಲ. ಪಾನಾ ತಗೊಂಡು ಬೋಲ್ಟು ತುಸು ಸಡಿಲಿಸಿ, ಮರದ ಸುತ್ತಿಗೆಯಿಂದ ಕವಚದ ಪಕ್ಕಕ್ಕೆ ತಟ್ಟಿದರು, ತಿರುಗಿಸಿದರು. 22. ಮತ್ತೆ ತಟ್ಟಿದರು. 15. ಊಟದ ಹೊತ್ತು ಮೀರಿತು. ಆಯಿ ಕಳಿಸಿದ ರೊಟ್ಟಿಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ಮುಳ್ಳು 8ಕ್ಕೆ ಬಂದಾಗ ಅವರು ಬೋಲ್ಟು ಬಿಗಿದು, ತಟ್ಟೆ ಇನ್ನೆಂದೂ ಸರಿಯದಂತೆ ಎರಡು ಉಕ್ಕಿನ ಗೂಟ ಹೊಡೆದರು. ಆಮೇಲೆ ಕೈ ತೊಳೆದುಕೊಂಡು, "ಬುತ್ತಿ ತರ್ರಿ," ಎಂದರು.

ರೇಡಿಯೇಟರ್ ಮುಂದೆ ಸರಿಸಿದ್ದು, ಹುನಗುಂದದ ಬ್ರಾಕೆಟ್ಟಿಗೆ ರಬ್ಬರು ಕೂರಿಸಿದ್ದು ಎಲ್ಲ ನಾಲ್ಕು ದಿನದ ಕೆಲಸ. ಐದನೇ ದಿನ ಜೀಪು ಗಡಗಡ ಎಂದು ಡೀಸೆಲ್ ದನಿಯಲ್ಲಿ ಊರಿಗೆ ಬಂತು. ಮುಂದಿನ ಸೀಟಿನಲ್ಲಿ ಆಯಿ. ಆ ವರ್ಷ ಮಳೆ ಬಂದಾಗ ಮಾಳಿಗೆ ಸೋರಿತು. ಅಜ್ಜ ಸುಮ್ಮನೆ ಪಾತ್ರೆ ಇಟ್ಟ.

ಹಲವು ವರ್ಷದ ಮೇಲೆ ಕ್ಲಚ್ ಬದಲಿಸಲು ಅದನ್ನು ಬಿಚ್ಚಿದರು. ಕಾಕಾ ಹೊಡೆದ ಎರಡೂ ಗೂಟ ಹಾಗೇ ಬಿಗಿಯಾಗಿದ್ದವು. ತಟ್ಟೆಯ ಅಂಚಿನಲ್ಲಿ ನಾನು ಅಂದು ಉಳಿಯಿಂದ ಕೊರೆದ ನನ್ನ ಹೆಸರಿನ ಮೊದಲಕ್ಷರವೂ ಇತ್ತು, ತುಸು ತುಕ್ಕು ಹಿಡಿದು.